ಸುದ್ದಿ ಯಾರದೋ ಅವರೇ ಬಾರಿಸ್ಲಿ

ಅವತ್ತು ಪ್ರಿಯಾ ಮಿಸ್ ಕ್ಲಾಸಿನಾಗ ಮೂರು ಮಂದಿ ಎದ್ದು ಮಾತಾಡಿದ್ರು. ಮೂರೂ ಮಂದಿ ಶುರು ಮಾಡಿದ್ದು ಒಂದೇ ಥರ: "ಇನ್ ಟುಡೇಸ್ ಫಾಸ್ಟ್ ಪೇಸ್ಡ್ ವರ್ಲ್ಡ್..."

ಮೊದ್ಲು ಎಣ್ಣಿ ಮಿಲ್ಲಿನ ಹಾಲೇಶಪ್ಪನ ಮಗ ಅರುಣಕುಮಾರ್ ಅಂದ. ಚಲೋ ಐತಿ ಅಂತ ಪ್ರಿಯಾ ತಲಿ ಆಡಿಸಿದ್ಲು. ಆಮ್ಯಾಲ ಅಮೃತಾ ಅಂದ್ಲು. ಪ್ರಿಯಾ ಹುಬ್ಬು ಏರಿಸಿದ್ಲು. ಮೂರನೇದಾಗಿ ಗವಿಸಿದ್ದೇಶ್ ಎದ್ದು, ಗಂಟಲು ಸರಿ ಮಾಡ್ಕೊಂಡು "ಇನ್ ಟುಡೇಸ್" ಅನ್ನೋದ್ರಾಗ ಹಿಂದಿನ ಬೆಂಚಿನೋರೆಲ್ಲ ಉಳಿದದ್ದನ್ನ ಕೂಡಿ ಹಾಡಿಬಿಟ್ರು, ಮಂಗಳಾರತಿ ಹಾಡಿದಂಗ.

"ಕುಂದ್ರಪಾ," ಅಂದ್ಲು ಪ್ರಿಯಾ. "ಮೂರೂ ಮಂದಿ ಒಂದೇ ಗಂಗಾಳದಾಗ ಉಂಡು ಬಂದೀರಿ."

"ಫೋನೇ ಬರಕೊಟ್ಟಿದ್ದು ಮಿಸ್," ಗವಿಸಿದ್ದೇಶ್ ಪಾಪದ ಮುಖ ಮಾಡಿ ಅಂದ. "ನಾವು ಕೇಳಿದ್ವಿ, ಅದು ಕೊಡ್ತು."

"ಕೊಡತೈತಿ. ಕೇಳಿದೋರಿಗೆಲ್ಲ ಕೊಡತೈತಿ. ಅದಕ್ಕ ಹಸಿವಿಲ್ಲ, ನಿದ್ದಿ ಇಲ್ಲ, ಬಸ್ ತಪ್ಪೋದಿಲ್ಲ. ನಾಳೆ ನೀವು ನೌಕರಿ ಕೇಳಾಕ ಹೋದಾಗ ಅಲ್ಲಿ ಕುಂತೋರು, 'ಇಷ್ಟು ಹೇಳಾಕ ಫೋನೇ ಐತಲ್ಲಪಾ, ನೀ ಯಾಕ ಬೇಕು?' ಅಂದ್ರ ಏನಂತೀರಿ?"

ಅರುಣಕುಮಾರ್ ತನ್ನ ಫೋನ್ ತಿರುವಿ ಬೋರಲು ಹಾಕಿದ, ಅದಕ್ಕ ಕೇಳಬಾರದು ಅನ್ನೋ ಹಂಗ.

ಪ್ರಿಯಾ ಕೂಡ್ಲಿಗಿಯ ಗುಡ್ಡದ ಕಾಲೇಜಿನಾಗ ಗೆಸ್ಟ್ ಲೆಕ್ಚರರ್. ಫೈನಲ್ ಇಯರ್ ಹುಡುಗ್ರಿಗೆ ಕಮ್ಯುನಿಕೇಶನ್ ಸ್ಕಿಲ್ಸ್ ಅಂತ ಒಂದು ಪೇಪರ್ ಇರತೈತಲ್ಲ, ಯಾರೂ ಹೆದರದ ಪೇಪರ್, ಅದು ಆಕಿದು. ಮೊದಲೆಲ್ಲ ಟೈ ಕಟ್ಟೋದು, ಕೈ ಕುಲುಕೋದು, "ಮೈಸೆಲ್ಫ್" ಅನ್ನಬಾರದು ಅನ್ನೋದು, ಇಷ್ಟರಾಗೇ ಮುಗೀತಿತ್ತು ಆ ಪೇಪರ್. ಈಗ ಅವೆಲ್ಲ ಫೋನೇ ಕಲಿಸತೈತಿ. ಹಂಗಾದ್ರ ನಾ ಏನು ಕಲಿಸ್ಲಿ ಅಂತ ಪ್ರಿಯಾಗೆ ಹೋದ ವರ್ಷದಿಂದ ಒಂದು ಹುಳ ತಲಿ ಕೊರೀತಿತ್ತು.

"ಫೋನಿಗೆ ಗೊತ್ತಿಲ್ಲದ್ದು ಒಂದು ಹೇಳ್ರಿ," ಅಂದ್ಲು. "ನೀವೇ ಹೇಳಬೇಕು, ಬ್ಯಾರೆ ಯಾರೂ ಹೇಳಾಕ ಆಗಬಾರದು. ಯಾವ ಭಾಷಿ ಬಾಯಿಗೆ ಬರತೈತೋ ಆ ಭಾಷಿ."

ಯಾರೂ ಏಳಲಿಲ್ಲ. ಕಿಟಕಿ ಪಕ್ಕದಿಂದ ಓಬಳೇಶ ಅರ್ಧ ಎದ್ದ, ಮತ್ತ ಕುಂತ, ಮತ್ತ ಎದ್ದ. ಗುಡೇಕೋಟೆ ಕಡೆಯಿಂದ ಬರೋ ಹುಡುಗ. ತೆಳ್ಳಗ ಅದಾನ, ಉದ್ದಕ ಅದಾನ, ಎರಡೂವರೆ ವರ್ಷದಾಗ ಹಾಜರಿ ಬಿಟ್ರ ಬ್ಯಾರೆ ಮಾತಿಗೆ ಬಾಯಿ ತಗದಿದ್ದು ಯಾರೂ ನೋಡಿಲ್ಲ.

"ಮಿಸ್, ನಮ್ಮ ಕಾಲೋನಿ ಮುಂದ ಬಸ್ ನಿಲ್ತಿರ್ಲಿಲ್ರಿ."

"ಹೂಂ, ಹೇಳು."

"ಖಾಸಗಿ ಬಸ್ಸು. ಊರ ಬಾಗಿಲಾಗ ತುಂಬಿಸ್ಕೊಂಡು ಬರ್ತಾನ್ರಿ, ನಮ್ಮ ಕಾಲೋನಿ ಬಂದಾಗ ಡ್ರೈವರ್ ನೆಟ್ಟಗ ಮುಂದ ನೋಡ್ತಾನ. ನಾವು ಕೈ ಮಾಡ್ತೀವಿ, ಕೂಗ್ತೀವಿ. ನಮ್ಮ ಜಾಗದಾಗ ಜಾಲಿಗಿಡ ನಿಂತಾವ ಅನ್ನೋ ಹಂಗ ಹೋಗಿಬಿಡ್ತಾನ. ಅದಕ್ಕ ನಾ ಏನು ಮಾಡಿದೆ ಅಂದ್ರ, ಫೋನಿಗೆ ಹೇಳಿ ಇಂಗ್ಲಿಷಿನಾಗ ಒಂದು ಕಂಪ್ಲೇಂಟ್ ಬರಸಿದೆ. ಭಾರಿ ಬರದಿತ್ರಿ ಮಿಸ್! ಓದಿದ್ರ ನನಗೇ ನನ್ನ ಮ್ಯಾಲ ಗೌರವ ಬಂತು. ಬಸ್ ಮಾಲೀಕನ ವಾಟ್ಸಾಪಿಗೆ ಕಳಿಸಿದೆ."

"ಏನಂದ ಮಾಲೀಕ?"

"ಬ್ಲಾಕ್ ಮಾಡಿಬಿಟ್ಟನ್ರಿ. ಬ್ಯಾಂಕಿನೋರು ಲೋನ್ ಕೊಡಾಕ ಬಂದಾರ ಅಂತ ತಿಳಕೊಂಡಾನ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅರುಣಕುಮಾರ್ ಬೆಂಚು ಬಡಿದು, "ಲೇ ಓಬಳೇಶ, ಇಷ್ಟು ದಿನ ಎಲ್ಲಿ ಇಟ್ಟಿದ್ದಿಲೇ ಈ ಬಾಯಿ?" ಅಂದ. ಓಬಳೇಶನೂ ನಕ್ಕ, ನಕ್ಕು ಸ್ವಲ್ಪ ಎತ್ತರ ಆದಂಗ ಕಾಣಿಸಿದ.

"ಆಮ್ಯಾಲ ನಾ ಇನ್ನೊಂದು ಹಂಚಿಕಿ ಹೂಡಿದ್ನ್ರಿ ಮಿಸ್. ಅದು..." ಅನ್ನೋದ್ರಾಗ ಬೆಲ್ ಹೊಡೀತು.

"ಹೇಳಬ್ಯಾಡ!" ಪ್ರಿಯಾ ಕೈ ಎತ್ತಿದ್ಲು. "ಉಳಿದದ್ದು ಶುಕ್ರವಾರ. ಯುನಿವರ್ಸಿಟಿಯಿಂದ ಕಾಲೇಜು ನೋಡಾಕ ತಂಡ ಬರತೈತಿ, ಸ್ಟೇಜ್ ಮ್ಯಾಲ ಹೇಳು. ನನಗೂ ಅಲ್ಲಿ ತನಕ ಗೊತ್ತಾಗಬಾರದು."

ಓಬಳೇಶ ಹೋಗೋವಾಗ ಬಾಗಿಲಾಗ ತಿರುಗಿ ನಿಂತು, "ಖರೇ ಏನ್ರಿ ಮಿಸ್? ಸ್ಟೇಜ್ ಮ್ಯಾಲ?" ಅಂದ. "ಖರೇ," ಅಂದ್ಲು.

ಮಧ್ಯಾಹ್ನ ಪ್ರಿನ್ಸಿಪಾಲ್ ವೀರಭದ್ರಯ್ಯನೋರು ಕರೆಸಿದ್ರು. ಕೆಟ್ಟೋರಲ್ಲ ಅವರು. ಎದುರು ಬಂದ್ರ ಕುಂದ್ರಿಸಿ ಚಹಾ ಕೊಡಸ್ತಾರ, ಮನಿ ಮಂದಿನ ಕೇಳ್ತಾರ. ಅವತ್ತು ಭಾರಿ ಹುರುಪಿನಾಗಿದ್ರು. ಟೇಬಲ್ ಮ್ಯಾಲ ಒಂದು ಹಲಗಿ ಇತ್ತು, ದುಂಡನೇ ಕಟ್ಟಿಗಿ ಚೌಕಟ್ಟಿಗೆ ಚರ್ಮ ಬಿಗಿದ ಹಳೇ ಹಲಗಿ, ಎಲ್ಲಿಂದಲೋ ಪ್ಯೂನ್ ಗಂಗಾಧರನ ಕೈಲಿ ತರಿಸಿದ್ದು.

"ನೋಡ್ರಿ ಮೇಡಂ, ಶುಕ್ರವಾರದ್ದು ನಾ ಪ್ಲಾನ್ ಮಾಡೀನಿ. ಅರುಣಕುಮಾರ್ ಇಂಗ್ಲಿಷಿನಾಗ ಪಿಪಿಟಿ ಮಾಡ್ಲಿ. ಅದು ಇವತ್ತಿನ ಕಮ್ಯುನಿಕೇಶನ್. ಅವನ ಹಿಂದ ಹಳೇ ಕಾಲದ ಕಮ್ಯುನಿಕೇಶನ್. ಡಂಗುರ! ಓಬಳೇಶ ಹೆಗಲಿಗೆ ಕಂಬಳಿ ಹಾಕ್ಕೊಂಡು ಬರ್ತಾನ, ಹಲಗಿ ಬಾರಿಸ್ತಾನ, 'ಕೇಳ್ರಪ್ಪೋ ಕೇಳ್ರಿ, ನಮ್ಮ ಕಾಲೇಜಿಗೆ ದೊಡ್ಡೋರು ಬಂದಾರ' ಅಂತ ಸಾರತಾನ. ತಂಡದೋರು ವಿಡಿಯೋ ಮಾಡ್ಕೊಂತಾರ. ಹೆಂಗೈತಿ?"

ಪ್ರಿಯಾ ಹಲಗಿ ನೋಡಿದ್ಲು. "ಸರ್, ಓಬಳೇಶ ಬಸ್ಸಿನ ವಿಷಯ ಮಾತಾಡ್ತಾನ. ಭಾಳ ಚಲೋ ಮಾತಾಡ್ತಾನ್ರಿ."

"ಬಸ್ಸೇನು ಮೇಡಂ, ಬಸ್ಸು ಎಲ್ಲಾ ಊರಾಗ ಐತಿ."

"ಅವನಿಗೆ ಹಲಗಿ ಬಾರಿಸಾಕ ಬರಲ್ರಿ."

"ಅಯ್ಯ, ಅದನ್ನೇನು ಕಲೀಬೇಕಾ?" ವೀರಭದ್ರಯ್ಯ ನಕ್ರು. "ಅವರಿಗೆ ಅದು ರಕ್ತದಾಗೇ ಬಂದಿರತೈತಿ."

ಪ್ರಿಯಾ ಅವರ ಮುಖಾನೇ ನೋಡಿದ್ಲು. ಅವರಿಗೂ ಏನೋ ಹೊಳೀತು. "ನಿಮಗಲ್ರಿ ಮೇಡಂ ಅಂದಿದ್ದು," ಅಂದ್ರು ಲಗೂನ. "ನೀವು ಈಗ ಬುದ್ಧನ್ನ ನಂಬೋರು. ನಿಮ್ಮದು ಬ್ಯಾರೆ."

"ಏನೂ ಬ್ಯಾರೆ ಇಲ್ರಿ ಸರ್. ನಮ್ಮಜ್ಜನೂ ಡಂಗುರ ಸಾರತಿದ್ದ."

"ಹಂಗಾದ್ರ ಇನ್ನೂ ಚಲೋ ಆತಲ್ಲ! ನೀವೇ ಕಲಿಸಿಬಿಡ್ರಿ." ಆಮ್ಯಾಲ ದನಿ ಸ್ವಲ್ಪ ಇಳಿಸಿ, ಚಹಾ ಕಪ್ಪು ಆಕಿ ಕಡೆ ಸರಿಸಿದ್ರು. "ಮುಂದಿನ ತಿಂಗಳು ಗೆಸ್ಟ್ ಲೆಕ್ಚರರ್ಸ್ ಲಿಸ್ಟ್ ಕಮಿಟಿ ಮುಂದ ಹೋಗತೈತಿ. ನಿಮ್ಮ ಹೆಸರು ಇರ್ಲಿ ಅನ್ನೋದೇ ನನ್ನ ಆಸೆ ನೋಡ್ರಿ."

ಹೇಳಿದ್ದು ನಯವಾಗೇ. ಚಹಾ ಮಾತ್ರ ಆಕಿ ಕುಡೀಲಿಲ್ಲ.

ಸಂಜೀಕ ಮನಿಗೆ ಬಂದಾಗ ಅಜ್ಜಿ ಜೋಗಮ್ಮ ಕಟ್ಟಿ ಮ್ಯಾಲ ಕುಂತು ಅವರೆಕಾಯಿ ಸುಲೀತಿದ್ಲು. ಪ್ರಿಯಾ ಚಪ್ಪಲಿ ಬಿಡದಂಗೇ ಕೇಳಿದ್ಲು: "ಅಜ್ಜಿ, ಮೈಲಪ್ಪಜ್ಜ ಹಲಗಿ ಬಾರಿಸೋದು ಹೆಂಗಿತ್ತು?"

"ಯಾಕ, ನಿಮ್ಮ ಕಾಲೇಜಿನಾಗ ಯಾರರ ಸತ್ರೇನು?"

"ಸತ್ತಿಲ್ಲ. ಸಾಯ್ತಾರ ಈಗ. ಹೇಳು."

ಜೋಗಮ್ಮ ಕೈಯಾಗಿನ ಕಾಯಿ ಬಿಟ್ಲು. "ನಿಮ್ಮಜ್ಜ ಹಲಗಿನ ಮೊದ್ಲು ಹುಲ್ಲಿನ ಬೆಂಕಿಗೆ ಹಿಡೀತಿದ್ದ. ಕೂಸಿನ ಬೆನ್ನು ಕಾಯಿಸಿದಂಗ, ತಿರುವಿ ತಿರುವಿ. ಚರ್ಮ ಕಾದು ಬಿಗೀಬೇಕು ಯವ್ವಾ, ಇಲ್ಲಂದ್ರ ಒದ್ದಿ ಚೀಲ ಬಡದಂಗ ದಪ್ ಅಂತೈತಿ. ಕಾದ ಮ್ಯಾಲ ಒಂದು ಪೆಟ್ಟು ಹಾಕಿದ್ರ ಕೊಟ್ಟೂರು ದಾರಿ ಮ್ಯಾಲ ಹೋಗೋ ಎತ್ತು ಕಿವಿ ನಿಮಿರಸ್ತಿದ್ವು. ದನಿನೂ ಹಂಗೇ. ಊರಾಗ ಅಂಥ ದನಿ ಇನ್ನೊಂದು ಇರ್ಲಿಲ್ಲ."

"ಮತ್ಯಾಕ ಬಿಟ್ಟ?"

"ಅವನೆಲ್ಲಿ ಬಿಟ್ಟ, ನಿಮ್ಮಪ್ಪ ಬಿಡಿಸಿದ." ಅಜ್ಜಿ ಮಡಿಲಾಗಿನ ಸಿಪ್ಪಿ ಝಾಡಿಸಿ ಅಂದ್ಲು. "ಒಂದು ಬ್ಯಾಸಿಗಿಯಾಗ ಊರ ಗೌಡ ಕರೆಸಿ, 'ಕೇರಿಯೋರು ದೊಡ್ಡ ಬಾವಿ ನೀರು ಮುಟ್ಟಬಾರದು ಅಂತ ಸಾರಿ ಬಾ' ಅಂದ. ಸಾರಿದ. ಓಣಿ ಓಣಿ ತಿರುಗಿ, ಅಷ್ಟು ಚೆಂದ ದನಿಲೆ ಸಾರಿದ. ಕಡೀಕ ನಮ್ಮ ಕೇರಿಗೆ ಬಂದು ನಮ್ಮ ಮುಂದೂ ಸಾರಿದ. ನಾ ಖಾಲಿ ಕೊಡ ಹಿಡಕೊಂಡು ನಿಂತಿದ್ದೆ. ಯಾರೂ ಅವಂಗ ಬೈಲಿಲ್ಲ. ದನಿ ಅವಂದು, ಮಾತು ಅವಂದಲ್ಲ ಅಂತ ಎಲ್ಲಾರಿಗೂ ಗೊತ್ತಿತ್ತು. ನಿಮ್ಮಪ್ಪ ಆಗ ಸಣ್ಣಾವ. ಮರುದಿನ ಕುಡುಗೋಲು ತಗೊಂಡು ಹಲಗಿ ಹರದ. 'ಇನ್ನ ಮ್ಯಾಲ ಹೇಳೋದಿದ್ರ ಗೌಡನೇ ಬಾಯಿ ಬಿಟ್ಟು ಹೇಳ್ಲಿ' ಅಂದ."

ಊರಿಗೆಲ್ಲ ಕೇಳೋ ದನಿ, ಸ್ವಂತದ್ದು ಒಂದು ಮಾತಿಲ್ಲ. ಪ್ರಿಯಾ ಅದನ್ನೇ ನೆನಸ್ಕೊಂತ ಅವರೆಕಾಯಿ ಸುಲದ್ಲು. ಅರ್ಧ ಕಾಳು ಸಿಪ್ಪಿ ಕಡೆ, ಅರ್ಧ ಸಿಪ್ಪಿ ಕಾಳಿನ ಕಡೆ ಬಿದ್ವು. ಅಜ್ಜಿ ಬೈದ್ಲು.

ಮರುದಿನ ಕ್ಲಾಸಿನಾಗ ಬೋರ್ಡಿನ ಮ್ಯಾಲ ದೊಡ್ಡಕ ಬರದ್ಲು: ಯಾರ ದನಿ? ಯಾರ ಮಾತು?

"ಮೊಬೈಲ್ ಬರ್ಲಿ, ಮೈಕ್ ಬರ್ಲಿ, ನಾಳೆ ಇನ್ನೊಂದು ಏನೋ ಬರ್ಲಿ," ಅಂದ್ಲು. "ಮಾತಾಡೋ ಮುಂಚೆ ಇವೆರಡು ಕೇಳ್ಕೊಳ್ರಿ. ನನ್ನ ಪೇಪರ್ ಇಷ್ಟೇ. ಉಳಿದದ್ದು ಯೂಟ್ಯೂಬಿನಾಗ ಐತಿ." ಆಮ್ಯಾಲ ಮೈಲಪ್ಪಜ್ಜನ ಕತಿ ಹೇಳಿದ್ಲು. ಬೆಂಕಿಗೆ ಹಿಡಿಯೋದರಿಂದ ಹಿಡದು ಖಾಲಿ ಕೊಡದ ತನಕ. ಗವಿಸಿದ್ದೇಶ್ ಕೂಡ ಫೋನ್ ಮುಟ್ಟಲಿಲ್ಲ.

ಕ್ಲಾಸ್ ಮುಗಿದ ಮ್ಯಾಲ ಓಬಳೇಶ ಉಳಕೊಂಡ. ಪ್ರಿನ್ಸಿಪಾಲ್ ಪ್ಲಾನೂ ಲಿಸ್ಟಿನ ಮಾತೂ ಗಂಗಾಧರನಿಂದ ಅವನ ಕಿವಿಗೆ ಆಗಲೇ ಬಿದ್ದಿದ್ವು. ಅರುಣಕುಮಾರ್ ಬಾಗಿಲಾಗ ನಿಂತಿದ್ದ, ಒಳಗ ಬರ್ಲೋ ಬ್ಯಾಡೋ ಅಂತ.

"ಮಿಸ್, ನಾ ಬಾರಿಸಿಬಿಡ್ತೀನ್ರಿ," ಅಂದ ಓಬಳೇಶ. "ಎರಡು ನಿಮಿಷದ್ದು. ಇಲ್ಲಂದ್ರ ನಿಮ್ಮ ನೌಕರಿಗೆ..."

"ನನ್ನ ನೌಕರಿ ನಿನ್ನ ಸಿಲೆಬಸ್ಸಿನಾಗ ಇಲ್ಲ."

"ಹಂಗಾದ್ರ ಏನು ಮಾಡ್ಲಿ? ಹೇಳ್ರಿ ಮಿಸ್."

"ಹೇಳಲ್ಲ."

"ಯಾಕ್ರಿ?"

"ಹಿಂಗ ಮಾಡು ಅಂತ ನಾ ಹೇಳಿಕೊಟ್ರ, ನೀ ಸ್ಟೇಜ್ ಮ್ಯಾಲ ಮತ್ತ ಬ್ಯಾರೆಯೋರ ಮಾತೇ ಸಾರಿದಂಗಾತು. ನಾನೂ ಒಬ್ಬ ಗೌಡತಿ ಆದೆ. ಬಾರಸ್ತೀಯೋ, ಬಿಡ್ತೀಯೋ, ಬಸ್ಸಿಂದು ಹೇಳ್ತೀಯೋ, ನಿಂದು. ಏನು ಮಾಡಿದ್ರೂ ನಾ ನಿನ್ನ ಹಿಂದ ಇರ್ತೀನಿ."

ಬಾಗಿಲಿಂದ ಅರುಣಕುಮಾರ್, "ಲೇ, ಆ ಕಂಬಳಿ ಬೇಕಾದ್ರ ನಾ ಹಾಕ್ಕೊಂತೀನಿ," ಅಂದ. "ನಮ್ಮಪ್ಪ ನೋಡಿದ್ರ ಮಿಲ್ಲಿನಾಗ ಹಾಕಿ ಎಣ್ಣಿ ತಗೀತಾನ, ಆದ್ರೂ ಅಡ್ಡಿಲ್ಲ."

"ನೀ ಪಿಪಿಟಿ ನೋಡ್ಕೊಳಪಾ," ಓಬಳೇಶ ಅಂದ. ನಗಲಿಲ್ಲ.

ಶುಕ್ರವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಾಗ ಯುನಿವರ್ಸಿಟಿಯ ತಂಡ, ಅದರ ಮುಖ್ಯಸ್ಥೆ ಒಬ್ಬ ದಪ್ಪ ಕನ್ನಡಕದ ಮೇಡಂ. ಅವರ ಪಕ್ಕ ಕಾಲೇಜು ಕಮಿಟಿಯ ಹಾಲೇಶಪ್ಪ, ಬಿಳೇ ಅಂಗಿ ಇಸ್ತ್ರಿ ಮುರೀಬಾರದು ಅಂತ ನೆಟ್ಟಗ ಕುಂತಿದ್ದ. ಸ್ಟೇಜಿನ ಟೇಬಲ್ ಮ್ಯಾಲ ಹಲಗಿ. ಫ್ಯಾನಿನ ಕೆಳಗ, ಬೆಳಿಗ್ಗಿಂದ ಅಲ್ಲೇ ತಣ್ಣಗ ಕುಂತಿತ್ತು. ಬೆಂಕಿಗೆ ಹಿಡೀರಿ ಅಂತ ಪ್ರಿಯಾ ಯಾರಿಗೂ ಹೇಳಲಿಲ್ಲ. ಆಕಿಗೆ ಗೊತ್ತಿತ್ತು, ಹೇಳಲಿಲ್ಲ.

ಅರುಣಕುಮಾರ್ ಪಿಪಿಟಿ ಮಾಡಿದ. ಚಲೋನೇ ಮಾಡಿದ. "ಇನ್ ಟುಡೇಸ್" ಬಂದಾಗ ಹಿಂದಿನ ಸಾಲಿನೋರು ಕೆಮ್ಮಿದ್ರು, ಅವನೂ ತುಟಿ ಕಚ್ಚಿ ಮುಂದ ಹೋದ. ಕನ್ನಡಕದ ಮೇಡಂ ಒಮ್ಮೆ ಗಡಿಯಾರ ನೋಡಿದ್ರು.

ಆಮ್ಯಾಲ ವೀರಭದ್ರಯ್ಯನೋರು ಮೈಕ್ ಹಿಡದು, "ಈಗ ನಮ್ಮ ನಾಡಿನ ಹಳೇ ಸಂವಹನ ಕಲೆ, ಡಂಗುರ! ಪ್ರಸ್ತುತಪಡಿಸುವವರು ಓಬಳೇಶ!" ಅಂದ್ರು.

ಓಬಳೇಶ ಸ್ಟೇಜ್ ಹತ್ತಿದ. ಗಂಗಾಧರ ಕೊಡಾಕ ಬಂದ ಕಂಬಳಿನ ತಗೊಳ್ಳಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕ್ಕೊಂಡಿದ್ದ. ಟೇಬಲ್ ಹತ್ರ ಹೋಗಿ ಹಲಗಿ ಎತ್ತಿಕೊಂಡ. ಪ್ರಿಯಾ ಗೋಡಿಗೆ ಒರಗಿ ನಿಂತಲ್ಲೇ ಅಂದ್ಕೊಂಡ್ಲು: ಬಾರಸ್ತಾನ. ನನ್ನ ಸಲುವಾಗಿ ಬಾರಸ್ತಾನ ಈ ಹುಡುಗ.

ಓಬಳೇಶ ಬಾರಿಸಲಿಲ್ಲ. ಹಲಗಿನ ಎರಡೂ ಕೈಲಿ ಹಿಡಕೊಂಡು, ಎಲಿ ಅಡಿಕಿ ಕೊಡೋ ಹಂಗ, ಪ್ರಿನ್ಸಿಪಾಲ್ ಮುಂದ ಒಡ್ಡಿದ. ಮೈಕ್ ಅಲ್ಲೇ ಇತ್ತು, ಎಲ್ಲಾರಿಗೂ ಕೇಳ್ತು.

"ಸರ್, ದೊಡ್ಡೋರು ಬಂದಾರ ಅಂತ ಸಾರಬೇಕು ಅಂದೋರು ನೀವು. ಸುದ್ದಿ ನಿಮ್ದು. ಸುದ್ದಿ ಯಾರದೋ ಅವರೇ ಬಾರಿಸ್ಬೇಕ್ರಿ. ನೀವು ಬಾರಿಸ್ರಿ. ಆಮ್ಯಾಲ ನನ್ನ ಸುದ್ದಿ ನಾ ಹೇಳ್ತೀನಿ."

ವೀರಭದ್ರಯ್ಯನೋರ ಕೈ ಮ್ಯಾಲ ಬಂತು, ಚರ್ಮದ ಹತ್ರ ಬಂದು ನಿಂತುಬಿಡ್ತು. ಒಂದು ಗೇಣು ದೂರದಾಗ. ಆ ಒಂದು ಗೇಣನ್ನ ಎಲ್ಲಾರೂ ನೋಡಿದ್ರು. ಹಾಲೇಶಪ್ಪ ನೋಡಿದ, ತಂಡದೋರು ನೋಡಿದ್ರು, ವಿಡಿಯೋ ಮಾಡಾಕ ಎತ್ತಿ ಹಿಡದಿದ್ದ ಫೋನುಗಳೂ ನೋಡಿದ್ವು.

"ಬಾರಿಸ್ರಿ ಸರ್," ಅಂದ್ರು ಕನ್ನಡಕದ ಮೇಡಂ, ಸುಮ್ಮನೇ ಅಂದ್ರೋ ಬೇಕಂತಲೇ ಅಂದ್ರೋ. "ಕೇಳೋಣ."

ಅವರು ಎರಡು ಬೆರಳಿಲೆ ಬಡಿದ್ರು. ದಪ್. ಒದ್ದಿ ಚೀಲ ಬಡದಂಗ. ಮತ್ತೊಮ್ಮೆ ಬಡಿದ್ರು. ದಪ್. ಹಿಂದಿನ ಸಾಲಿನಾಗ ಮೊದ್ಲು ಅಮೃತಾ ನಕ್ಲು, ಆಮ್ಯಾಲ ಇಡೀ ಸಭಾಂಗಣ ನಕ್ಕಿತು. ಓಬಳೇಶ ನಗಲಿಲ್ಲ. ಹಲಗಿನ ಹಗೂರಕ ಟೇಬಲ್ ಮ್ಯಾಲ ಇಟ್ಟು, ಮೈಕ್ ತನ್ನ ಎತ್ತರಕ್ಕ ಏರಿಸ್ಕೊಂಡ.

"ನಮ್ಮ ಕಾಲೋನಿ ಮುಂದ ಬಸ್ ನಿಲ್ತಿರ್ಲಿಲ್ಲ," ಅಂತ ಶುರು ಮಾಡಿದ.

ಕೂಗಿದ್ದು ಹೇಳಿದ, ಕಂಪ್ಲೇಂಟ್ ಬರಸಿದ್ದು ಹೇಳಿದ. ಬ್ಯಾಂಕಿನ ಮಾತಿಗೆ ಹಾಲೇಶಪ್ಪನೇ ಹೊಟ್ಟಿ ಕುಣಿಸಿ ನಕ್ಕ. ಕ್ಲಾಸಿನಾಗ ಬೆಲ್ ಹೊಡೆದ ಜಾಗ ಬಂದಾಗ ಪ್ರಿಯಾ ಗೋಡಿ ಬಿಟ್ಟು ಮುಂದ ಬಂದ್ಲು.

"ಆಮ್ಯಾಲ ನಾ ನಸುಕಿನಾಗೇ ಊರ ಬಾಗಿಲಿಗೆ ನಡಕೊಂಡು ಹೋಗಿ ಬಸ್ ಹತ್ತಿದೆ. ಡ್ರೈವರ್ ಪಕ್ಕ ನಿಂತೆ. ಜಗಳ ಮಾಡ್ಲಿಲ್ಲ. ಕಾಲೋನಿ ಕಂಡಾಗ ಹೇಳಾಕ ಹತ್ತಿದೆ. 'ಅಣ್ಣ, ಆ ಕೆಂಪು ಸೀರಿ ಹುಲಿಗೆಮ್ಮ. ಆಸ್ಪತ್ರಿಯಾಗ ಆಯಾ. ಆಕಿ ತಡ ಮಾಡಿದ್ರ ರಾತ್ರಿ ಪಾಳಿಯಾಕಿ ಮನಿಗೆ ಹೋಗಂಗಿಲ್ಲ. ಆ ಟೊಪಿಗಿಯಾವ ದುರುಗಪ್ಪ, ಗಾರೆ ಕೆಲಸ, ನೀ ದಿನಾ ನಿಲ್ಲೋ ಬಸ್ ಸ್ಟ್ಯಾಂಡಿನ ಗ್ವಾಡಿ ಕಟ್ಟಿದಾವ ಅವನೇ. ಆ ಎರಡು ಜಡಿ ಹುಡುಗಿ ನನ್ನ ತಂಗಿ. ಪಿಯುಸಿ. ನಿನ್ನ ಬಸ್ಸಿನ ಹಾರ್ನ್ ಸದ್ದು ಥೇಟ್ ನಿನ್ನಂಗೇ ಮಾಡಿ ತೋರಸ್ತಾಳ.' ಅವತ್ತು ನಿಲ್ಲಿಸ್ಲಿಲ್ಲ. ಮರುದಿನಾನೂ ನಿಲ್ಲಿಸ್ಲಿಲ್ಲ. ನಾನೂ ಬಿಡ್ಲಿಲ್ಲ. ದಿನಾ ಹತ್ತಿದೆ, ದಿನಾ ಹೆಸರು ಹೇಳಿದೆ. ಒಂದಿನ ಕೆಂಪು ಸೀರಿ ಕಾಣಲಿಲ್ಲ. ಡ್ರೈವರ್ ತಾನೇ ಅಂದ, 'ಏನಲೇ, ಇವತ್ತು ಹುಲಿಗೆಮ್ಮ ಬಂದಿಲ್ಲ?' ಅಂದ. ಅಂದು, ತಾನೇ ಗಾಬರಿಯಾಗಿ, ಬ್ರೇಕ್ ಹಾಕಿದ."

ಓಬಳೇಶ ಒಂದು ಉಸಿರು ತಗೊಂಡ.

"ಹೆಸರು ಗೊತ್ತಾದ ಮ್ಯಾಲ ಮನಶ್ಯಾರನ್ನ ದಾಟಿ ಹೋಗೋದು ಕಷ್ಟ ಐತ್ರಿ. ಅದಕ್ಕೇ ಭಾಳ ಮಂದಿ ಹೆಸರು ಕೇಳೋದಿಲ್ಲ."

ಕನ್ನಡಕದ ಮೇಡಂ ಕನ್ನಡಕ ತಗದು ಕೈಯಾಗ ಹಿಡಕೊಂಡು, "ಈಗ ದಿನಾ ನಿಲ್ಲಸ್ತಾನೇನಪ್ಪ?" ಅಂತ ಕೇಳಿದ್ರು.

"ನಿಲ್ಲಸ್ತಾನ್ರಿ ಮೇಡಂ. ಒಮ್ಮೊಮ್ಮೆ ಮರೀತಾನ. ಆವಾಗ ಒಳಗ ಕುಂತ ಮಂದಿನೇ ಹೆಸರು ಹಿಡದು ಕೂಗ್ತಾರ."

ಮೊದಲ ಚಪ್ಪಾಳಿ ಅರುಣಕುಮಾರಂದು. ಅವರಪ್ಪ ತಿರುಗಿ ನೋಡಿದ. ಆದ್ರೂ ಅವ ನಿಲ್ಲಿಸ್ಲಿಲ್ಲ.

ತಂಡದ ಕಾರು ಗೇಟ್ ದಾಟಿದ ಮ್ಯಾಲ ಗಂಗಾಧರ ಬಂದು, "ಸಾಹೇಬ್ರು ಕರೀತಾರ್ರಿ," ಅಂದ. ಪ್ರಿಯಾ ಹೋದ್ಲು. ಇವತ್ತು ಚಹಾ ಇರ್ಲಿಲ್ಲ. ಹಲಗಿ ಮಾತ್ರ ಟೇಬಲ್ ಮ್ಯಾಲ ವಾಪಸ್ ಬಂದು ಕುಂತಿತ್ತು.

"ನೀವೇ ಹೇಳಿಕೊಟ್ರಿ ಅಲ್ರೀ ಅವನಿಗೆ?"

"ಏನು ಮಾಡಬೇಕು ಅಂತ ಹೇಳಿಕೊಟ್ಟಿಲ್ರಿ. ಯಾರ ದನಿ, ಯಾರ ಮಾತು ಅಂತ ಕೇಳ್ಕೊ ಅಂದಿದ್ದೆ. ಅದು ನನ್ನ ಪಾಠ, ಸರ್. ಉಳಿದದ್ದೆಲ್ಲ ಅವಂದು."

"ನಾಕು ಮಂದಿ ಮುಂದ ನನ್ನ ಮುಖಕ್ಕ ಮಸಿ ಹಚ್ಚಿದಂಗಾತು. ದಪ್ ಅಂತು ಸುಡುಗಾಡು!"

"ಬೆಂಕಿಗೆ ಹಿಡದು ಕಾಯಿಸ್ಬೇಕಿತ್ರಿ ಸರ್. ತಣ್ಣಗಿದ್ರ ಅದು ಹಂಗೇ ಅಂತೈತಿ."

ವೀರಭದ್ರಯ್ಯ ಕಣ್ಣು ಅಗಲ ಮಾಡಿದ್ರು. "ನಿಮಗ ಗೊತ್ತಿತ್ತಾ? ಮೊದ್ಲೇ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ರಿ. ಕಲಿಯೋದೇನೈತಿ, ರಕ್ತದಾಗ ಬಂದಿರತೈತಿ ಅಂದ್ರಿ."

ಅವರು ಕುರ್ಚಿಯಾಗ ಹಿಂದಕ್ಕ ಒರಗಿದ್ರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಗದ್ರು, ಹಾಕಿದ್ರು. "ಮುಂದಿನ ತಿಂಗಳ ಲಿಸ್ಟಿನಾಗ ನಿಮ್ಮ ಹೆಸರು ಕಷ್ಟ ಐತಿ ಮೇಡಂ. ಆಮ್ಯಾಲ ಗಂಗಾಧರನ ಕೈಲಿ ಹೇಳಿ ಕಳಸ್ತೀನಿ."

ಪ್ರಿಯಾ ಎದ್ದು ನಿಂತ್ಲು. ಮನಿ ಬಾಡಿಗಿ, ಅಜ್ಜಿ ಗುಳಿಗಿ ಎಲ್ಲಾ ಒಮ್ಮೆ ಕಣ್ಣ ಮುಂದ ಬಂದು ಹೋತು. ಆದ್ರ ದನಿ ನಡುಗಲಿಲ್ಲ.

"ಬ್ಯಾಡ್ರಿ ಸರ್, ಗಂಗಾಧರನ ಕೈಲಿ ಹೇಳಿಸಬ್ಯಾಡ್ರಿ. ತಗಿಯೋದಿದ್ರ ತಗೀರಿ. ಆದ್ರ ನನ್ನ ಕ್ಲಾಸಿಗೆ ಬಂದು, ಹುಡುಗ್ರ ಮುಂದ ನಿಂತು, ಯಾಕ ತಗದೆ ಅಂತ ನಿಮ್ಮ ಬಾಯಿಲೇ ಹೇಳ್ರಿ. ನಾನೂ ಕೇಳ್ತೀನಿ, ಅವರೂ ಕೇಳ್ತಾರ. ನಿಮ್ಮ ಮಾತು, ನೀವೇ ಬಾರಿಸ್ರಿ."

ಬಾಗಿಲಾಗ ನಿಂತಿದ್ದ ಗಂಗಾಧರ ನೆಲ ನೋಡಿದ. ವೀರಭದ್ರಯ್ಯ ಹಲಗಿನ ಸ್ವಲ್ಪ ಆ ಕಡೆ ಸರಿಸಿದ್ರು. ಈ ಸಲ ಕೈ ಮುಟ್ಟಿಯೇ ಸರಿಸಿದ್ರು, ಅದು ಅವರಿಗೇ ಗೊತ್ತಾತೋ ಇಲ್ಲೋ.

ಪ್ರಿಯಾ ಸೀದಾ ಕ್ಲಾಸಿಗೆ ನಡದ್ಲು. ತಿಂಗಳು ಮುಗಿಯೋ ತನಕ ಆ ಕ್ಲಾಸು ಆಕಿದು, ಆಮ್ಯಾಲಿಂದು ಆಮ್ಯಾಲ. ಬೋರ್ಡಿನ ಮ್ಯಾಲ ಮೊನ್ನೆ ಬರದದ್ದು ಯಾರೂ ಒರಸಿರ್ಲಿಲ್ಲ. ಗವಿಸಿದ್ದೇಶ್ ಎದ್ದು, ಕೈ ಕಟ್ಟಿ, "ಇನ್ ಟುಡೇಸ್..." ಅಂದ.

"ಕುಂದ್ರು!" ಅಂದ್ಲು ಪ್ರಿಯಾ, ಚಾಕ್‌ಪೀಸ್ ಎತ್ತಿಕೊಂತ. "ಯಾರ ಮಾತಲೇ ಅದು? ಎದ್ದು ಮತ್ತ ಶುರು ಮಾಡು."